ಸಹಾಯ ಬೇಕು: ಹಳೆಯ ಫೈಬರ್ ದೋಣಿಯ ಹಿಂಬದಿ ಹಲಗೆ ಬದಲಿಸಲು

ಮಾನ್ಯರೇ, ಗಂಗೊಳ್ಳಿಯಲ್ಲಿರುವ ನಮ್ಮ ಹಳೆಯ ಫೈಬರ್ ದೋಣಿಯನ್ನು ಮಳೆಗಾಲ ಮುಗಿದು ಗಾಳಿಯ ತೇವ ಇಳಿದ ಮೇಲೆ ನಾನೇ ದುರಸ್ತಿ ಮಾಡಬೇಕೆಂದಿದ್ದೇನೆ. ಔಟ್‌ಬೋರ್ಡ್ ಎಂಜಿನ್ ಕೂರುವ ಹಿಂಬದಿಯನ್ನು ಸುತ್ತಿಗೆಯಿಂದ ತಟ್ಟಿದರೆ ಮಂದವಾದ ಸದ್ದು ಬರುತ್ತಿದ್ದು, ಬೋಲ್ಟಿನ ತೂತುಗಳಿಂದ ಕಂದು ನೀರು ಜಿನುಗುತ್ತಿರುವುದರಿಂದ ಒಳಗಿನ ಪ್ಲೈವುಡ್ ಕೊಳೆತಿರುವುದು ಬಹುತೇಕ ಖಚಿತ. ಒಳಬದಿಯ ಪದರವನ್ನು ಕತ್ತರಿಸಿ, ಕೊಳೆತದ್ದನ್ನು ತೆಗೆದು, ಹೊರಪದರಕ್ಕೆ ಧಕ್ಕೆಯಾಗದಂತೆ ಹೊಸ ಮರೈನ್ ಪ್ಲೈವುಡ್ ಅಂಟಿಸುವುದು ನನ್ನ ಯೋಜನೆ.

ಗೊಂದಲವಿರುವುದು ರೆಸಿನ್ ಬಗ್ಗೆ, ಅಂದರೆ ಫೈಬರ್ ಎಳೆಗಳನ್ನು ನೆನೆಸಿ ಗಟ್ಟಿಯಾಗಿಸುವ ಅಂಟುದ್ರವದ ಬಗ್ಗೆ. ಪಾಲಿಯೆಸ್ಟರ್ ರೆಸಿನ್ ಅಗ್ಗವಾದರೂ ಹಳೆಯ ಪದರಕ್ಕೆ ಎಪಾಕ್ಸಿ ರೆಸಿನ್‌ನಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಎಪಾಕ್ಸಿ ಬಳಸಿದರೆ ಸಾಮಾನ್ಯ ಮ್ಯಾಟಿನ (ತುಂಡು ಎಳೆಗಳ ಫೈಬರ್ ಹಾಸಿನ) ಎಳೆಗಳನ್ನು ಹಿಡಿದಿಡುವ ಅಂಟು ಅದರಲ್ಲಿ ಸರಿಯಾಗಿ ಕರಗದ ಕಾರಣ ನೇಯ್ದ ಫೈಬರ್ ಬಟ್ಟೆಯನ್ನೇ ಹಾಕಬೇಕಾಗುತ್ತದೆ, ಅದರ ಮೇಲೆ ಪಾಲಿಯೆಸ್ಟರ್ ಜೆಲ್‌ಕೋಟ್ (ಹೊರಮೈಯ ಹೊಳಪಿನ ಪದರ) ಕೂರಿಸುವುದೂ ಕಷ್ಟ. ಹೊರಮೈ ಹೊಳೆಯದಿದ್ದರೂ ನನಗೆ ಬೇಸರವಿಲ್ಲ, ಎಂಜಿನ್ ಅಲುಗಾಡದಿದ್ದರೆ ಸಾಕು.

ಕರಾವಳಿಯಲ್ಲಿ ಈ ಕೆಲಸ ಮಾಡಿದ ಅನುಭವವಿರುವವರು, ಎಪಾಕ್ಸಿಯ ಮೇಲೆ ಜೆಲ್‌ಕೋಟಿನ ಬದಲು ಪಾಲಿಯುರೆಥೇನ್ ಬಣ್ಣ ಬಳಿದರೆ ಉಪ್ಪುನೀರು ಮತ್ತು ಬಿಸಿಲಿಗೆ ಅದು ಹೇಗೆ ಬಾಳುತ್ತದೆ, ಮೂಲೆಗಳಲ್ಲಿ ಹೊಸ ಪದರವು ಹಳೆಯದರ ಮೇಲೆ ಎಷ್ಟು ಅಗಲಕ್ಕೆ ಹಬ್ಬಿರಬೇಕು ಎಂಬುದನ್ನು ದಯವಿಟ್ಟು ತಿಳಿಸಬೇಕು. ಮಲ್ಪೆ ಅಥವಾ ಮಂಗಳೂರಿನ ಕಡೆ ಎಪಾಕ್ಸಿ ಚಿಲ್ಲರೆಯಾಗಿ ಸಿಗುವ ಅಂಗಡಿ ಗೊತ್ತಿದ್ದರೆ ಅದನ್ನೂ ಹೇಳಿ. ಡ್ರಮ್ಮುಗಟ್ಟಲೆ ಕೊಳ್ಳುವಷ್ಟು ಕೆಲಸ ಇದಲ್ಲ.