ಸಂಗೀತ ನಾಟಕ: 40 ಜನರ ಮೇಳ, ದನಿ ಮಾತ್ರ ಕೇಳಿಸುತ್ತಿಲ್ಲ

ಪ್ರಶ್ನೆ: ಕಾಲೇಜು ಹುಡುಗ ಹುಡುಗಿಯರ ತಂಡ. ಕಾಲರ್ ಮೈಕ್ ಇರುವುದು ಆರೇ. ಕುಣಿಯುತ್ತ ಹಾಡುವಾಗ ಮೇಳದ ದನಿ ಹಾರ್ಮೋನಿಯಂ, ಡೋಲಿನಡಿ ಮುಳುಗುತ್ತದೆ. ಏನು ಮಾಡಬಹುದು?

ಉತ್ತರ: ಎಲ್ಲರೂ ಕುಣಿಯಲೇಬೇಕಿಲ್ಲ ಸರ್. ಗಟ್ಟಿ ಕಂಠದ ಎಂಟು ಜನರನ್ನು ಸೈಡ್‌ವಿಂಗ್‌ನಲ್ಲಿ ಕೂರಿಸಿ, ಎರಡು ಸ್ಟ್ಯಾಂಡ್ ಮೈಕ್ ಕೊಡಿ. ಶ್ರುತಿಯನ್ನೂ ನೋಡಿ. ಹುಡುಗಿಯರ ಶ್ರುತಿಯಲ್ಲಿ ಹುಡುಗರಿಗೆ ತಾರಸ್ಥಾಯಿ ಎಟುಕದೆ ಬಾಯಿ ಮುಚ್ಚಿಬಿಡುತ್ತಾರೆ. ಅಂಥ ಸಾಲನ್ನು ಅವರು ಒಂದು ಸ್ಥಾಯಿ ಕೆಳಗೆ ಹಾಡಲಿ.

ಉತ್ತರ: ಡೋಲಿಗೆ ಮೈಕೇ ಬೇಡ. ರಂಗದಂಚಿಗೆ ಫ್ಲೋರ್ ಮೈಕ್ ಇಟ್ಟರೆ ಅಡಿಗೆ ಫೋಮ್ ಹಾಸಿ, 100 ಹರ್ಟ್ಸ್‌ಗಿಂತ ಕೆಳಗಿನ ಮಂದ್ರ ಸದ್ದನ್ನು ಕಟ್ ಮಾಡಿಸಿ, ಹೆಜ್ಜೆ ಸದ್ದು ತಗ್ಗುತ್ತದೆ. ಸ್ಪೀಕರ್‌ಗಳು ಮೈಕ್‌ಗಿಂತ ಮುಂದೆ, ಪ್ರೇಕ್ಷಕರ ಕಡೆಗಿರಲಿ, ಇಲ್ಲವಾದರೆ ಅವುಗಳ ಸದ್ದು ಮತ್ತೆ ಮೈಕ್‌ಗೆ ಸೇರಿ ಕೂಗುತ್ತವೆ.

ಉತ್ತರ: ಕಾಲರ್ ಮೈಕ್ ಯಾರಿಂದ ಯಾರಿಗೆ, ಯಾವ ದೃಶ್ಯದಲ್ಲಿ ಎಂದು ಬರೆದು ವಿಂಗ್‌ನಲ್ಲಿ ಅಂಟಿಸಿ. ಪ್ರತಿ ಪ್ರದರ್ಶನಕ್ಕೂ ಹೊಸ ಸೆಲ್ ಹಾಕಿ.