ಹತ್ತನೇ ವಚನ ಎಲ್ಲಿ ಹೋಯ್ತು?

(ಮನೆಯವರ ಗ್ರೂಪಿನಲ್ಲಿ)
ಸುನಿಲ್: (ಚಿತ್ರ: ಸೂರ್ಯೋದಯದ ಮೇಲೆ ಬೈಬಲಿನ ಎಫೆಸ 2:8-9)
ಎಲ್ಲರೂ ಓದಿ. ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ. ನಾವು ದುಡಿದು ಗಳಿಸಿದ್ದಲ್ಲ. ಹರಕೆ, ಉಪವಾಸ, ಬರಿಗಾಲ ನಡಿಗೆ ಇದ್ಯಾವುದೂ ದೇವರಿಗೆ ಬೇಕಾಗಿಲ್ಲ.

ರೀಟಾ ಅತ್ತೆ: ಬರಿಗಾಲು ಅಂದದ್ದು ನನಗೇ ತಾನೇ? ಹೆಸರು ಹಾಕಿಯೇ ಬರೆಯಬಹುದಿತ್ತು.

ಸುನಿಲ್: ಅಯ್ಯೋ ಅತ್ತೆ, ಹಾಗಲ್ಲ. ಸುಮ್ನೆ ಹೇಳಿದೆ.

ರೀಟಾ ಅತ್ತೆ: ಹಾಗೇನೇ. ಹೋದ ಸೆಪ್ಟೆಂಬರ್ 8ಕ್ಕೆ, ಮಾತೆ ಮರಿಯಳ ಹಬ್ಬಕ್ಕೆ, ಕಾವಿ ಸೀರೆ ಉಟ್ಟು ಲಿಂಗರಾಜಪುರದಿಂದ ಶಿವಾಜಿನಗರದ ಬೆಸಿಲಿಕಾಗೆ ನಡೆದು ಹೋದಾಗಲೂ ನೀನು ನಕ್ಕಿದ್ದೆ. ಹರಕೆ ಅಂದರೆ ದೇವರಿಗೆ ಕಂತು ಕಟ್ಟೋದು ಅಂದುಕೊಂಡಿದ್ದೀಯ. ನಿಮ್ಮ ಮಾವನಿಗೆ ಆಪರೇಷನ್ ಆಗಿ, ಅವರು ಉಳಿದು ಮನೆಗೆ ಬಂದ ಮೇಲೆ ನಾನು ನಡೆಯೋಕೆ ಶುರು ಮಾಡಿದ್ದು, ಮೊದಲಲ್ಲ. ಪುಕ್ಕಟೆ ಕೊಟ್ಟಾದ ಮೇಲೆ ಯಾರಾದರೂ ಬೆಲೆ ಕಟ್ಟುತ್ತಾರಾ? ಖುಷಿಗೆ ನಡೆಯುತ್ತೇನಪ್ಪ.

ಡೇವಿಡ್ ಚಿಕ್ಕಪ್ಪ: ರೀಟಕ್ಕ, ಸಮಾಧಾನ. ಇದು 1517ರಲ್ಲಿ ಲೂಥರ್ ಕ್ಯಾಥೊಲಿಕ್ ಚರ್ಚನ್ನು ಪ್ರಶ್ನೆ ಮಾಡಿದಾಗಿನಿಂದ ನಡೆಯುತ್ತಿರೋ ಜಗಳ. ಜಗಳ ಶುರು ಮಾಡಿದವರೇ ರಾಜಿ ಆಗಿದ್ದಾರೆ. 1999ರ ಅಕ್ಟೋಬರ್ 31ಕ್ಕೆ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ನರೂ ಕ್ಯಾಥೊಲಿಕರೂ ಒಟ್ಟಿಗೆ ಸಹಿ ಹಾಕಿದರು, ದೇವರು ನಮ್ಮನ್ನು ಒಪ್ಪಿಕೊಳ್ಳೋದು ನಮ್ಮ ಯೋಗ್ಯತೆ ನೋಡಿ ಅಲ್ಲ, ಕೃಪೆಯಿಂದ ಅಂತ. 2006ರಲ್ಲಿ ಮೆಥೊಡಿಸ್ಟರೂ ಸೇರಿಕೊಂಡರು. ನಮ್ಮ ಹಡ್ಸನ್ ಚರ್ಚಿನ ಮೂಲವೂ ವೆಸ್ಲಿಯನ್ ಮಿಷನ್ನೇ, ಅಂದರೆ ಮೆಥೊಡಿಸ್ಟರದ್ದೇ. ನೀವಿಬ್ಬರು ಮಾತ್ರ ಬಾಕಿ.

ಅನಿತಾ: ಸುನಿಲ್ ಅಣ್ಣ, ಪೋಸ್ಟರಿನಲ್ಲಿ 8, 9 ಇದೆ. 10 ಎಲ್ಲಿ ಹೋಯ್ತು? ಬೈಬಲ್ ತೆಗೆದು ನೋಡಿ. ದೇವರು ಮೊದಲೇ ಸಿದ್ಧ ಮಾಡಿಟ್ಟ ಒಳ್ಳೇ ಕೆಲಸಗಳಲ್ಲಿ ನಾವು ನಡೆಯಬೇಕು ಅಂತ ಅಲ್ಲೇ ಕೆಳಗೆ ಇದೆ. ನಡೆಯಬೇಕು! ಪೋಸ್ಟರ್ ಮಾಡಿದವರಿಗೆ ಸೂರ್ಯನೇ ಜಾಸ್ತಿ ಜಾಗ ತಿಂದುಬಿಟ್ಟ ಅನಿಸುತ್ತೆ.

ಸುನಿಲ್: 10 ಇದೆ, ಒಪ್ಪಿದೆ. ಆದರೆ ಯಾವುದು ಮೊದಲು ನೋಡು. ಕೃಪೆ ಮೊದಲು, ನಡಿಗೆ ಆಮೇಲೆ. ನಾನು ಯಾಕೆ ಇದನ್ನು ಇಷ್ಟು ಹಿಡಿದುಕೊಂಡಿದ್ದೇನೆ ಅಂದರೆ, ಅಜ್ಜಿ. ಹೋದ ಭಾನುವಾರ ಜೊತೆಗೆ ಕೂತು ಪ್ರಾರ್ಥನೆ ಮಾಡೋಣ ಅಂದೆ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂದರು, ಮುಂದೆ ಬರಲಿಲ್ಲ. ಹುಟ್ಟಿದಾಗಿನಿಂದ ಹೇಳಿಕೊಂಡು ಬಂದದ್ದು. ನನ್ನ ಮುಖ ನೋಡಿದರು, ಸೆರಗಿನ ತುದಿ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಇನ್ನು ಅವರು ದೇವರಿಗೆ ಏನು ಮಾಡಿ ತೋರಿಸಬೇಕು ಹೇಳಿ? ಪೂರ್ತಿ ಅವನೇ ಹಿಡಿದುಕೊಳ್ಳದಿದ್ದರೆ ಅಜ್ಜಿ ಗತಿ ಏನು?

ರೀಟಾ ಅತ್ತೆ: ಇದನ್ನೇ ಮೊದಲು ಬರೆಯಬಾರದಿತ್ತಾ? ಆ ಫೋಟೋ ಯಾಕೆ ಬೇಕಿತ್ತು.

ರೀಟಾ ಅತ್ತೆ: ಅಮ್ಮ ಮರೆತರೂ ಅವನು ಮರೆಯಲ್ಲ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಕೇಳು. ಮಂಚದಿಂದ ಬಾತ್‌ರೂಮಿಗೆ ಎಂಟು ಹೆಜ್ಜೆ. ಹತ್ತು ನಿಮಿಷ ಬೇಕು. ಹೊಸಿಲ ಹತ್ತಿರ ಪ್ರತಿ ಸಲ ನಿಂತುಬಿಡುತ್ತಾರೆ, ಹೊಳೆ ದಾಟಬೇಕೇನೋ ಅನ್ನೋ ಹಾಗೆ. ನಾನು ಎದುರಿಗೆ ನಿಂತು ಎರಡೂ ಕೈ ಹಿಡಿದು "ಎಡಗಾಲಮ್ಮ, ಎಡಗಾಲು" ಅಂತ ಹೇಳುತ್ತಾ ಹಿಂದೆ ಹಿಂದೆ ಹೋಗಬೇಕು. ಅದು ಕೃಪೆಯೋ ಕ್ರಿಯೆಯೋ, ರಾತ್ರಿ ಎರಡು ಗಂಟೆಗೆ ಯೋಚನೆ ಮಾಡೋಕೆ ಆಗಲ್ಲ.

ಡೇವಿಡ್ ಚಿಕ್ಕಪ್ಪ: ಯಾಕೋಬ 2:17. ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು.

ಅನಿತಾ: ಚಿಕ್ಕಪ್ಪ, ಈಗ ಬೇಡ.

ಸುನಿಲ್: ಶನಿವಾರ ರಾತ್ರಿ ನಾನು ಬರುತ್ತೇನೆ ಅತ್ತೆ. ನೀವು ಮಲಗಿ.

ರೀಟಾ ಅತ್ತೆ: ಶುಕ್ರವಾರವೂ ಬಾ. ಚಪ್ಪಲಿ ಬಾಗಿಲಲ್ಲೇ ಬಿಡು, ಒಳಗೆ ನೆಲ ಜಾರುತ್ತೆ.