ಮುಧೋಳ ನಾಯಿಗೆ ಉಣ್ಣಿ. ಮನ್ಯಾಗ ಬೆಕ್ಕೂ ಐತಿ, ಏನ್ ಹಾಕೂದು?

ಜಮಖಂಡಿ ಹತ್ತಿರದ ತ್ವಾಟದ ಮನಿ. ನಾಯಿಗೆ ಎರಡು ವರ್ಷ, ತೂಕ 24 ಕೆಜಿ. ಜಳಕ ಮಾಡಿಸಿದ್ರೂ ಕಿವಿ ಒಳಗ, ಬೆರಳ ಸಂದ್ಯಾಗ ಉಣ್ಣಿ ಮತ್ತ ಬರ್ತಾವ. ಬೆಕ್ಕು ಅದರ ಜೋಡಿನ ಮಲಗತೈತಿ. ನಾಯಿ ಔಷಧ ಬೆಕ್ಕಿಗೂ ನಡೀತೈತೇನ್ರಿ?

ಉತ್ತರ 1:
ಬ್ಯಾಡ್ರಿ, ಖಂಡಿತ ಬ್ಯಾಡ. ನಾಯಿ ಬೆನ್ನಿಗೆ ಬಿಡೂ ಹನಿ ಔಷಧದಾಗ ಪರ್ಮೆಥ್ರಿನ್ ಅನ್ನೂ ಕೀಟನಾಶಕ ಇದ್ರ ಬೆಕ್ಕಿಗೆ ವಿಷ. ಅದರ ಲಿವರ್‌ಗೆ ಅದನ್ನ ಕರಗಿಸಾಕ ಆಗೂದಿಲ್ಲ. ಬೆಕ್ಕು ನಾಯಿ ಮೈ ನೆಕ್ಕಿದ್ರೂ ಸಾಕು, ಜೊಲ್ಲು, ನಡುಕ, ಫಿಟ್ಸ್ ಬರ್ತಾವ. ತಾಗಿದ್ರ ಪಾತ್ರೆ ತೊಳೆಯೂ ಸೋಪು, ಉಗುರುಬೆಚ್ಚಗಿನ ನೀರಿನಿಂದ ತೊಳೆದು ತಕ್ಷಣ ಡಾಕ್ಟರ್ ಕಡೆ ಒಯ್ಯಿರಿ. ಅಮಿಟ್ರಾಜ್ ಅನ್ನೂ ಉಣ್ಣಿ ಔಷಧ ಸಹ ಬೆಕ್ಕಿಗೆ ಬ್ಯಾಡ.

ಉತ್ತರ 2:
ಜಳಕದಿಂದ ಮುಗಿಯೂ ಕೆಲಸ ಅಲ್ಲರಿ ಇದು. ರಕ್ತ ಕುಡಿದ ಹೆಣ್ಣು ಉಣ್ಣಿ ಕೆಳಗ ಬಿದ್ದು ಗೋಡಿ ಬಿರುಕಿನ್ಯಾಗ ಸಾವಿರಾರು ತತ್ತಿ ಇಡತೈತಿ. ಕಲ್ಲು, ಮಣ್ಣಿನ ಗೋಡಿ ಇದ್ರ ಸಂದಿಗಳನ್ನ ಸಿಮೆಂಟ್‌ನಿಂದ ಮುಚ್ಚರಿ, ಹಾಸಿಗಿ ವಾರಕ್ಕೊಮ್ಮೆ ಕುದಿಯೂ ನೀರಾಗ ಹಾಕ್ರಿ. ನಾಯಿಗೆ ಡಾಕ್ಟರ್ ಕೇಳಿ ಉಣ್ಣಿ ಸಾಯಿಸೂ ಫ್ಲುರಾಲನರ್ ಗುಳಗಿ ಕೊಡ್ರಿ: 20ರಿಂದ 40 ಕೆಜಿಗೆ 1000 ಮಿಗ್ರಾಂ, ಊಟದ ಜೋಡಿ, ಸುಮಾರು 12 ವಾರ ಕೆಲಸ ಮಾಡತೈತಿ. ಹಿಂದ ಫಿಟ್ಸ್ ಬಂದಿದ್ರ ಮೊದಲ ಹೇಳ್ರಿ.

ಉತ್ತರ 3:
ಕೈಲೆ ಹಿಚುಕಬ್ಯಾಡ್ರಿ, ಸೀಮೆಎಣ್ಣಿ ಹಚ್ಚಬ್ಯಾಡ್ರಿ. ಚಿಮಟಿಯಿಂದ ಚರ್ಮದ ಹತ್ತಿರ ಹಿಡಿದು ನೆಟ್ಟಗ ಎಳೆದು ಸ್ಪಿರಿಟ್‌ನ್ಯಾಗ ಹಾಕ್ರಿ. ಜ್ವರ, ಬಿಳಚಿದ ವಸಡು, ಮೂಗಿನಿಂದ ರಕ್ತ ಕಂಡ್ರ ಎರ್ಲಿಕಿಯಾ (ಉಣ್ಣಿಯಿಂದ ಹರಡೂ ಸೋಂಕು) ರಕ್ತ ಪರೀಕ್ಷೆ ಅದೇ ದಿನ ಮಾಡಿಸ್ರಿ. ಆ ಸೋಂಕಿಗೆ ಡಾಕ್ಸಿಸೈಕ್ಲಿನ್ ಅನ್ನೂ ಆಂಟಿಬಯೋಟಿಕ್ ಸಾಮಾನ್ಯವಾಗಿ 28 ದಿನ ಕೊಡ್ತಾರ. ನಾಕ್ ದಿನಕ್ಕ ಚುರುಕಾತು ಅಂತ ನಿಲ್ಲಿಸಬ್ಯಾಡ್ರಿ.